ಅಂತರಜಾಲದಲ್ಲಿ ಊರ ಹೆಸರು

ಚಿತ್ರದುರ್ಗದಿಂದ ದಾವಣಗೆರೆಗೆ ಸಾಗುವ ಹೆದ್ದಾರಿಯಲ್ಲಿ ಭರಮಸಾಗರವೆಂಬ ಊರಿದೆ. ದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣನಾಯಕನ ಹೆಸರನ್ನು ಕೆರೆ ಹೊತ್ತಿತು. ಕೆರೆಯ ಹೆಸರನ್ನು ಊರು ಹೊತ್ತಿತು. ಕನ್ನಡದಲ್ಲಿ ಬರೆದರೆ ಆರೇ ಅಕ್ಷರಗಳು. ಅದನ್ನೇ ರೋಮನ್ ಲಿಪಿಗೆ ಇಳಿಸುವಾಗ ಒಬ್ಬರು ಒಂದು ಸ್ವರವನ್ನು ನುಂಗುತ್ತಾರೆ, ಮತ್ತೊಬ್ಬರು ಭರಮನನ್ನು ಬ್ರಹ್ಮನನ್ನಾಗಿಯೇ ಮಾಡಿಬಿಡುತ್ತಾರೆ. ಊರು ಬಲ್ಲ ಅಂಚೆಯವನು ಕಾಗದವನ್ನು ಹೇಗೋ ತಲುಪಿಸಿಯಾನು. ಗಣಕಯಂತ್ರಕ್ಕೆ ಆ ಔದಾರ್ಯವಿಲ್ಲ. ಒಂದು ಅಕ್ಷರ ತಪ್ಪಿದರೆ ಅದರ ಪಾಲಿಗೆ ಅದು ಬೇರೆಯೇ ಊರು.

ಅಂತರಜಾಲದಲ್ಲಿ ಪ್ರತಿಯೊಂದು ಯಂತ್ರಕ್ಕೂ ಒಂದು ಅಂಕಿಯ ವಿಳಾಸವುಂಟು. ಅಂಕಿಗಳನ್ನು ನೆನಪಿಡುವುದು ಮನುಷ್ಯರಿಗೆ ಕಷ್ಟವಾದುದರಿಂದ ಅವಕ್ಕೆ ಹೆಸರುಗಳನ್ನು ಇಟ್ಟರು. ಜಾಲವು ಚಿಕ್ಕದಾಗಿದ್ದ ಕಾಲದಲ್ಲಿ ಎಲ್ಲ ಹೆಸರುಗಳೂ ಒಂದೇ ಪಟ್ಟಿಯಲ್ಲಿ ಹಿಡಿಸುತ್ತಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಅವರ ತಂಡವು ಆ ಪಟ್ಟಿಯನ್ನು ಬರೆದಿಡುತ್ತಿತ್ತು. ಉಳಿದವರು ಆಗಾಗ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆ ಪ್ರತಿಯು ಕೈಸೇರುವ ವೇಳೆಗೇ ಹಳತಾಗತೊಡಗಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿಯು ಈ ಭಾರವನ್ನು ಹಂಚುವ ಉಪಾಯವನ್ನು ರೂಪಿಸಿದನು. ಮೇಲಿನ ಪಟ್ಟಿಯಲ್ಲಿ ಕೆಲವೇ ಹೆಸರುಗಳಿರುತ್ತವೆ. ಅವುಗಳ ಕೆಳಗಿನ ಹೆಸರುಗಳನ್ನು ಆಯಾ ವಿಭಾಗದವರೇ ನೋಡಿಕೊಳ್ಳುತ್ತಾರೆ. ತಾಲ್ಲೂಕಿನ ಲೆಕ್ಕವು ತಾಲ್ಲೂಕಿನಲ್ಲಿ, ಹಳ್ಳಿಯ ಲೆಕ್ಕವು ಹಳ್ಳಿಯಲ್ಲಿ ಇದ್ದ ಹಾಗೆ. ಭಾರತಕ್ಕೆ ‘.ಇನ್’ ಎಂಬ ವಿಭಾಗವು 1989ರಲ್ಲಿ ದೊರೆಯಿತು.

ಆದರೆ ಈ ವ್ಯವಸ್ಥೆಯಲ್ಲಿ ಬಳಸಬಹುದಾಗಿದ್ದ ಲಿಪಿಸಾಮಗ್ರಿ ಬಹಳ ಸಣ್ಣದು: ಇಪ್ಪತ್ತಾರು ರೋಮನ್ ಅಕ್ಷರಗಳು, ಹತ್ತು ಅಂಕಿಗಳು, ಒಂದು ಕಿರುಗೆರೆ. ಹಳೆಯ ಯಂತ್ರಗಳನ್ನೆಲ್ಲ ಎಸೆದು ಹೊಸ ನಿಯಮವನ್ನು ಹೇರುವಂತಿರಲಿಲ್ಲ. ಆದುದರಿಂದ 2003ರಲ್ಲಿ ಒಂದು ಜಾಣ ಸಂಧಾನವಾಯಿತು. ಓದುಗನು ಕನ್ನಡದಲ್ಲಿ ಬರೆಯುತ್ತಾನೆ. ಅವನ ಯಂತ್ರವು ಅದನ್ನು ರೋಮನ್ ಅಕ್ಷರಗಳ ಸಂಕೇತವನ್ನಾಗಿ ಮಾರ್ಪಡಿಸಿ ಕಳುಹಿಸುತ್ತದೆ. ಜಾಲವು ಹಳೆಯ ಭಾಷೆಯನ್ನೇ ಕೇಳುತ್ತದೆ, ಜನರು ತಮ್ಮದನ್ನು ಕಾಣುತ್ತಾರೆ.

ಸಂಧಾನದಲ್ಲಿ ಒಂದು ಕೊರತೆ ಉಳಿದಿತ್ತು. ಕನ್ನಡದಲ್ಲಿ ‘ರಾಜ್‌ಕುಮಾರ್’ ಎಂದು ಬರೆಯುವಾಗ ಅರ್ಧಾಕ್ಷರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಒಂದು ಚಿಹ್ನೆಯು ನಿಂತು, ‘ಜ’ಕಾರಕ್ಕೆ ‘ಕ’ಕಾರವು ಒತ್ತಾಗಿ ಬೀಳದಂತೆ ತಡೆಯುತ್ತದೆ. 2003ರ ನಿಯಮವು ಈ ಚಿಹ್ನೆಯನ್ನು ನಿರರ್ಥಕವೆಂದು ಅಳಿಸಿಹಾಕುತ್ತಿತ್ತು. ಕಾಣದಿದ್ದುದು ಇಲ್ಲವೇ ಇಲ್ಲ ಎಂಬುದು ಅದರ ತರ್ಕ! 2010ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮವು ವಿರಾಮಚಿಹ್ನೆಯ ಅನಂತರ ಬರುವ ಸಂದರ್ಭದಲ್ಲಿ ಅದನ್ನು ಮಾನ್ಯಮಾಡಿತು. ಆದರೂ ಜಾಲದ ಮೂಲಪಟ್ಟಿಯ ಹೆಸರುಗಳಲ್ಲಿ ಅದಕ್ಕೆ ಈಗಲೂ ಪ್ರವೇಶವಿಲ್ಲ.

ಇನ್ನೊಂದು ತೊಡಕು ನೆರೆಹೊರೆಯದು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನಿಂದ ಕವಲೊಡೆದವು. ಜ, ಣ, ಲ ಮೊದಲಾದವು ಎರಡರಲ್ಲಿಯೂ ಬಹುಮಟ್ಟಿಗೆ ಒಂದೇ. ಮನುಷ್ಯನ ಕಣ್ಣಿಗೆ ಒಂದಾಗಿ ತೋರುವುದು ಯಂತ್ರಕ್ಕೆ ಎರಡು: ಕನ್ನಡದ ‘ಜ’ಕಾರದ ಸಂಖ್ಯೆ 3228, ತೆಲುಗಿನದು 3100. ಪ್ರಸಿದ್ಧ ಹೆಸರೊಂದರ ತದ್ರೂಪವನ್ನು ನೆರೆಯ ಲಿಪಿಯಲ್ಲಿ ನೋಂದಾಯಿಸಿ ಜನರನ್ನು ವಂಚಿಸಲು ಇದು ಸುಲಭದ ದಾರಿ. ಆದುದರಿಂದ ಭಾರತದ ಲಿಪಿತಜ್ಞರು ಕೂಡಿ ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ನಿಯಮಗಳನ್ನು ಸಿದ್ಧಪಡಿಸಿದರು; 2019ರಲ್ಲಿ ಅವು ಮೂಲಪಟ್ಟಿಯ ನಿಯಮಾವಳಿಯಲ್ಲಿ ಸೇರಿದುವು. ಒಂದು ಲಿಪಿಯಲ್ಲಿ ಹೆಸರು ಸಂದರೆ ಇನ್ನೊಂದರ ತದ್ರೂಪವು ಅಲ್ಲಿ ಸಲ್ಲದು.

ಹೆಸರು ಯಾವುದೆಂದು ತಿಳಿದರೆ ಸಾಲದು, ಯಾರದೆಂಬುದೂ ತಿಳಿಯಬೇಕು. ಹೊಲದ ಒಡೆಯನಾರೆಂದು ಪಹಣಿಯಲ್ಲಿ ನೋಡುವಂತೆ ಹೆಸರಿನ ಒಡೆಯನನ್ನು ಹುಡುಕಲು 1982ರಲ್ಲಿ ‘ಹೂ ಈಸ್’ ಎಂಬ ಪದ್ಧತಿಯು ರೂಢಿಗೆ ಬಂದಿತು. ಒಂದು ಸಾಲಿನ ಪ್ರಶ್ನೆಯನ್ನು ಕಳುಹಿಸಿದರೆ ಹೆಸರು, ಮನೆಯ ವಿಳಾಸ, ದೂರವಾಣಿ ಸಂಖ್ಯೆ ಎಲ್ಲವೂ ಬರುತ್ತಿದ್ದವು. ಪರಸ್ಪರ ಪರಿಚಿತರಾದ ಕೆಲವು ಸಂಶೋಧಕರ ನಡುವೆ ಇದು ಸೌಜನ್ಯವೇ ಆಗಿದ್ದಿತು. ಜಾಲವು ಲೋಕದ ಸಂತೆಯಾದ ಮೇಲೆ ಅದೇ ಸೌಜನ್ಯವು ಕಾಟವಾಯಿತು. ಒಂಟಿಯಾಗಿ ಮನೆಯಿಂದ ಉದ್ಯೋಗ ನಡೆಸುವ ಹೆಣ್ಣುಮಗಳ ವಿಳಾಸವೂ ಯಾರು ಬೇಕಾದರೂ ಓದುವಂತಾಯಿತು. ಉತ್ತರವು ಯಾವ ಲಿಪಿಯಲ್ಲಿದೆಯೆಂದು ಸೂಚಿಸುವ ಏರ್ಪಾಡೂ ಆ ಪದ್ಧತಿಯಲ್ಲಿ ಇರಲಿಲ್ಲ. ಕನ್ನಡದ ಹೆಸರಿನ ಒಡೆಯನೂ ರೋಮನ್ ಲಿಪಿಯಲ್ಲಿಯೇ ತನ್ನ ಗುರುತು ಹೇಳಬೇಕಾಗುತ್ತಿತ್ತು.

2015ರಲ್ಲಿ ‘ಆರ್‌ಡ್ಯಾಪ್’ ಎಂಬ ಹೊಸ ಪದ್ಧತಿಯು ಪ್ರಕಟವಾಯಿತು. ಇದರ ಉತ್ತರದಲ್ಲಿ ಪ್ರತಿಯೊಂದು ವಿವರಕ್ಕೂ ಗೊತ್ತಾದ ಸ್ಥಾನವಿದೆ. ಯಾವ ಲಿಪಿಯನ್ನಾದರೂ ಬಳಸಬಹುದು. ಕೇಳುವವನು ಯಾರೆಂಬುದನ್ನು ಅರಿತು, ತನಿಖೆಯ ಅಧಿಕಾರಿಗೆ ಒಂದಿಷ್ಟು, ದಾರಿಹೋಕನಿಗೆ ಇನ್ನೊಂದಿಷ್ಟು ಎಂದು ಅಳೆದು ಹೇಳಲೂ ಬರುತ್ತದೆ. 2018ರಲ್ಲಿ ಯೂರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದಮೇಲೆ ಹಳೆಯ ಪಟ್ಟಿಗಳಲ್ಲಿ ಅನೇಕ ವಿವರಗಳನ್ನು ಮುಚ್ಚಲಾಯಿತು. ‘.ಕಾಮ್’ ಮೊದಲಾದ ವಿಭಾಗಗಳವರು ‘ಹೂ ಈಸ್’ ಸೇವೆಯನ್ನು ನಡೆಸಲೇಬೇಕೆಂಬ ಕಟ್ಟುಪಾಡು 2025ರ ಜನವರಿ 28ರಂದು ಕೊನೆಗೊಂಡಿತು.

‘.ಭಾರತ’ ಎಂಬ ಕನ್ನಡ ವಿಭಾಗವೂ ಈಗ ಮೂಲಪಟ್ಟಿಯಲ್ಲಿದೆ. ಭರಮಸಾಗರದ ಶಾಲೆಯೋ ಹಾಲಿನ ಸಂಘವೋ ಅದರ ಕೆಳಗೆ ತನ್ನ ಹೆಸರನ್ನು ಕನ್ನಡದಲ್ಲಿಯೇ ನೋಂದಾಯಿಸಬಹುದು. ಆದರೆ ಆ ವಿಳಾಸವನ್ನು ಅರ್ಜಿಯೊಂದರ ಅಂಕಣದಲ್ಲಿ ತುಂಬಿದರೆ ‘ಇದು ಸರಿಯಾದ ವಿಳಾಸವಲ್ಲ’ ಎಂದು ತಿರಸ್ಕರಿಸುವ ಯಂತ್ರಗಳು ಇನ್ನೂ ಇವೆ. ಅವು ಇಪ್ಪತ್ತಾರು ಅಕ್ಷರಗಳ ಕಾಲದಲ್ಲಿಯೇ ನಿಂತಿವೆ.