ಲೈಬ್ರರಿಗೆ ಬೀಗ ಬಿದ್ದಾಗ ಕಲಿತ ಆರು ಪಾಠಗಳು

2020ರ ಮಾರ್ಚ್ ಮಧ್ಯದಲ್ಲಿ ಕೊರೊನಾ ಭಯಕ್ಕೆ ರಾಜ್ಯದ ಕಾಲೇಜುಗಳೆಲ್ಲ ಬಾಗಿಲು ಹಾಕಿದವು. ಚಿತ್ರದುರ್ಗದಲ್ಲಿ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿದ ಕಾಲೇಜೊಂದರ ಗ್ರಂಥಪಾಲಕ ನಾನು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬಸ್ ಪಾಸಿನಲ್ಲಿ ಬರುತ್ತಿದ್ದ ಮಕ್ಕಳು ಊರು ಸೇರಿಕೊಂಡರು. ಪುಸ್ತಕಗಳು ಬೀರುವಿನಲ್ಲೇ ಉಳಿದವು.

1. ಫೋನ್ ಯಾರ ಕೈಯಲ್ಲಿದೆ ಎಂದು ಮೊದಲು ಕೇಳಿ.
ವಾಟ್ಸ್‌ಆ್ಯಪ್ ಗುಂಪಿಗೆ ಲಿಂಕ್ ಹಾಕಿ ಕೆಲಸ ಮುಗಿಯಿತೆಂದುಕೊಂಡಿದ್ದೆ. ಧರ್ಮಪುರದ ಕಡೆಯ ಹುಡುಗಿಯೊಬ್ಬಳು ಒಂದು ರಾತ್ರಿ ಫೋನ್ ಮಾಡಿದಳು: "ಸರ್, ಫೋನ್ ಅಪ್ಪಂದು. ಅಪ್ಪ ಕುರಿ ಹೊಡ್ಕೊಂಡು ಬರೋದೇ ಕತ್ತಲಾದ್ಮೇಲೆ." ಮರುದಿನವೇ ಒಂದು ರಿಜಿಸ್ಟರ್ ಶುರು ಮಾಡಿದೆ. ಸ್ವಂತ ಫೋನ್ ಇದೆಯೇ, ಮನೆಯವರದೇ, ಸಿಗ್ನಲ್ ಎಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ? ಕಾಗದದ ಮೇಲೆ ಬರೆದ ಮೇಲೆಯೇ ಯಾರು ಕೈಬಿಟ್ಟು ಹೋಗಿದ್ದಾರೆಂದು ಕಂಡಿತು.

2. ಪಾಸ್‌ವರ್ಡ್ ಅಡ್ಮಿಷನ್ ವಾರದಲ್ಲೇ ಕೊಡಿ.
ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುವ ಎನ್-ಲಿಸ್ಟ್ ಎಂಬ ಆನ್‌ಲೈನ್ ಸಂಗ್ರಹದಲ್ಲಿ ಲಕ್ಷಕ್ಕೂ ಹೆಚ್ಚು ಇ-ಪುಸ್ತಕಗಳಿವೆ. ಅದನ್ನು ತೆರೆಯಲು ಪ್ರತಿ ವಿದ್ಯಾರ್ಥಿಗೂ ಐಡಿ ಬೇಕು; ಅದು ಬರುವುದು ಇ-ಮೇಲ್‌ಗೆ. ನಮ್ಮ ಬಹಳ ಮಕ್ಕಳ ಇ-ಮೇಲ್ ಮಾಡಿಕೊಟ್ಟವರು ಸೈಬರ್ ಸೆಂಟರಿನವರು; ಅದರ ಪಾಸ್‌ವರ್ಡ್ ಮಕ್ಕಳಿಗೇ ಗೊತ್ತಿರಲಿಲ್ಲ. ಬೀಗ ಬಿದ್ದ ಮೇಲೆ ಇದನ್ನು ಸರಿಪಡಿಸಲು ವಾರಗಟ್ಟಲೆ ಹಿಡಿಯಿತು.

3. ಕನ್ನಡ ಮಾಧ್ಯಮದವರಿಗೆ ಬೇರೆ ಪಟ್ಟಿ ಇರಲಿ.
ಇ-ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಬಿ.ಎ. ಓದುವವರಿಗೆ ಒದಗಿದ್ದು ಹಳೇ ಪ್ರಶ್ನೆಪತ್ರಿಕೆಗಳು, ಮೇಷ್ಟ್ರ ನೋಟ್ಸ್, ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯ. ಎಂ.ಎ.ಯವರಿಗೆ ಶೋಧಗಂಗಾ ಜಾಲತಾಣದಲ್ಲಿನ ಕನ್ನಡ ಮಹಾಪ್ರಬಂಧಗಳು. ಕಳಿಸುವ ಫೈಲ್ ಚಿಕ್ಕದಿರಲಿ. ದೊಡ್ಡ ಫೈಲ್ ತೆರೆಯದ ಫೋನಿನಲ್ಲೂ ಒಂದೊಂದೇ ಅಧ್ಯಾಯ ಕಳಿಸಿದಾಗ ತೆರೆಯಿತು.

4. ಪುಸ್ತಕಕ್ಕೆ ಸ್ಯಾನಿಟೈಸರ್ ಹೊಡೆಯಬೇಡಿ.
ಬಸ್ಸು ಓಡಾಡಲು ಶುರುವಾದ ಮೇಲೆ ಫೋನಿನಲ್ಲಿ ಪಟ್ಟಿ ಪಡೆದು, ಕಟ್ಟು ಕಟ್ಟಿ ಬಾಗಿಲಲ್ಲೇ ಕೊಟ್ಟೆವು. ಮರಳಿ ಬಂದ ಪುಸ್ತಕಕ್ಕೆ ಔಷಧ ಸಿಂಪಡಿಸಿ ನಾನೇ ಒಂದು ಪುಸ್ತಕ ಹಾಳು ಮಾಡಿದೆ: ಹಾಳೆಗಳು ಅಂಟಿಕೊಂಡವು, ರಟ್ಟು ಉಬ್ಬಿತು. ಹಲವು ದೇಶಗಳ ಗ್ರಂಥಾಲಯಗಳಂತೆ ನಾವೂ ಮೂರು ದಿನ ಪ್ರತ್ಯೇಕ ಮೇಜಿನ ಮೇಲಿಟ್ಟೆವು. ಸೋಂಕು ಮುಖ್ಯವಾಗಿ ಗಾಳಿಯಿಂದ ಹರಡುತ್ತದೆಂದು ತಿಳಿದ ಮೇಲೆ, ಮೇಜಿಗಿಂತ ತೆರೆದ ಕಿಟಕಿಯೇ ದೊಡ್ಡ ರಕ್ಷಣೆ ಎಂದು ಅರ್ಥವಾಯಿತು.

5. ದಂಡ ಮನ್ನಾ ಆಗಿದೆಯೆಂದು ನೀವಾಗಿಯೇ ಹೇಳಿ.
2020ರ ನವೆಂಬರ್ 17ರಂದು ಪದವಿ ಕಾಲೇಜುಗಳು ತೆರೆದಾಗ, ಮಾರ್ಚ್‌ನಲ್ಲಿ ಪುಸ್ತಕ ಒಯ್ದಿದ್ದ ಹುಡುಗನೊಬ್ಬ ಬಾಗಿಲಲ್ಲೇ ನಿಂತಿದ್ದ. "ಫೈನ್ ಎಷ್ಟಾಗಿದೆ ಸರ್?" ಎಂದ. ದಂಡ ಇಲ್ಲ ಎಂದೆ. ಪುಸ್ತಕ ಕೊಟ್ಟು ಇನ್ನೊಂದು ಒಯ್ದ. ಮನ್ನಾ ಸುದ್ದಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿದರೆ ಊರಲ್ಲಿರುವವನಿಗೆ ಹೇಗೆ ಕಾಣಬೇಕು?

6. ಕುರ್ಚಿಯೂ ಸೇವೆಯೇ.
ಒಂದೇ ಕೋಣೆಯ ಮನೆಯಲ್ಲಿ, ಅಡಿಕೆ ತೋಟದ ಕೆಲಸದ ನಡುವೆ ಓದುವವರಿಗೆ ಪುಸ್ತಕದಷ್ಟೇ ಮುಖ್ಯ ಎರಡು ಗಂಟೆಯ ನಿಶ್ಶಬ್ದ. ಕುರ್ಚಿ ಬಿಟ್ಟು ಕುರ್ಚಿ ಹಾಕಿ, ಸರದಿ ಮಾಡಿದರೂ ಸರಿ, ಓದುವ ಕೋಣೆಯನ್ನು ಮೊದಲು ತೆರೆಯಿರಿ.

2021ರ ಎರಡನೇ ಅಲೆಯಲ್ಲಿ ಮತ್ತೆ ಬೀಗ ಬಿದ್ದಾಗ ನಮ್ಮನ್ನು ಕಾಪಾಡಿದ್ದು ಫೋನ್ ವಿವರದ ಆ ರಿಜಿಸ್ಟರ್. ಸಹೋದ್ಯೋಗಿಗಳೇ, ಮುಂದಿನ ಕಾಯಿಲೆ ಬರುವವರೆಗೆ ಕಾಯಬೇಡಿ. ನಿಮ್ಮ ಕಾಲೇಜಿನಲ್ಲಿ ಫೋನಿಲ್ಲದ ಮಕ್ಕಳು ಯಾರು ಯಾರು ಎಂದು ಈ ವಾರವೇ ಬರೆದಿಟ್ಟುಕೊಳ್ಳಿ.