ಆಹಾರಕ್ಕೆ ಹೊಗೆಯೂಡುವ ಸೌದೆಯ ಶುದ್ಧಿ ಮತ್ತು ಸಂಗ್ರಹಣ

೧. ಪೀಠಿಕೆ

ಒಲೆಯ ಹೊಗೆಯಿಂದ ಆಹಾರಪದಾರ್ಥಗಳನ್ನು ಹದಗೊಳಿಸುವ ಪದ್ಧತಿಯು ಕನ್ನಡನಾಡಿಗೆ ಹೊಸದಲ್ಲ. ಕೊಡಗಿನ ಮನೆಗಳಲ್ಲಿ ಉಪ್ಪು ಸವರಿದ ಹಂದಿಯ ಮಾಂಸವನ್ನು ಒಲೆಯ ಮೇಲ್ಗಡೆ ತೂಗಹಾಕಿ ಒಣಗಿಸುವ ರೂಢಿಯುಂಟು. ಮಲೆನಾಡಿನಲ್ಲಿ ಅಡಿಗೆಯ ಒಲೆಯ ಮೇಲಣ ಅಟ್ಟವು ಮಳೆಗಾಲದ ಉಗ್ರಾಣವಾಗಿರುತ್ತಿತ್ತು. ತಿಪಟೂರಿನ ಸೀಮೆಯಲ್ಲಿ ಉಂಡೆಕೊಬ್ಬರಿಗಾಗಿ ತೆಂಗಿನಕಾಯಿಗಳನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಡುವರು. ಕೆಲವರು ಅದರ ಕೆಳಗೆ ಹದವಾದ ಹೊಗೆಯನ್ನೂ ಹಾಕುವರು.

ಇಂಥ ಮನೆಗಳಲ್ಲಿ ಸೌದೆಯು ಸ್ವಂತ ತೋಟದಿಂದ ಬರುವುದರಿಂದ ಅದು ಯಾವ ಮರದ್ದು, ಎಂದು ಕಡಿದದ್ದು ಎಂಬುದು ಮನೆಯವರಿಗೆ ತಿಳಿದಿರುತ್ತದೆ. ಬೆಂಗಳೂರಿನ ದಕ್ಷಿಣ ಭಾಗದ ಸ್ಥಿತಿಯು ಬೇರೆ. ೧೯೪೮ರಲ್ಲಿ ಜಯನಗರ ಬಡಾವಣೆಗೆ ಅಡಿಗಲ್ಲು ಬಿದ್ದ ತರುವಾಯ ಆ ಕಡೆಯ ಹೊಲಗಳೂ ತೋಪುಗಳೂ ಕ್ರಮೇಣ ಬೀದಿಗಳಾದವು. ಜಯನಗರ, ಬನಶಂಕರಿ, ಜೆ. ಪಿ. ನಗರ, ಬಿ. ಟಿ. ಎಂ. ಬಡಾವಣೆಗಳಲ್ಲಿ ಮಹಡಿಯ ಮೇಲೆ ಸಣ್ಣ ಹೊಗೆಗೂಡನ್ನಿಟ್ಟು ಮಾಂಸ, ಮೀನು ಮುಂತಾದವುಗಳಿಗೆ ಹೊಗೆಯೂಡುವವರಿಗೆ ಸುಲಭವಾಗಿ ದೊರೆಯುವುದು ಬೀದಿಯಲ್ಲಿ ಬಿದ್ದ ಮರದ ಕೊಂಬೆ, ಕೆಡವಿದ ಮನೆಯ ಬಾಗಿಲು, ಸಾಮಾನು ಬಂದ ಪೆಟ್ಟಿಗೆಯ ಹಲಗೆ. ನೀರೊಲೆಗೆ ಸಲ್ಲುವ ಸೌದೆಯೆಲ್ಲವೂ ಆಹಾರದ ಹೊಗೆಗೆ ಸಲ್ಲುವುದಿಲ್ಲ. ಕನಕಪುರ ರಸ್ತೆ, ಬನ್ನೇರುಘಟ್ಟ ರಸ್ತೆಗಳ ಆಸುಪಾಸಿನಲ್ಲಿ ಮಾವು, ಸೀಬೆ, ಸಪೋಟ ತೋಟಗಳನ್ನುಳ್ಳ ಹಿಡುವಳಿದಾರರು ಈ ವ್ಯತ್ಯಾಸವನ್ನರಿತು ಸೌದೆಯನ್ನು ಸಿದ್ಧಪಡಿಸಿದಲ್ಲಿ ಸ್ವಂತ ಮನೆಗೂ ಪಟ್ಟಣದ ಮನೆಗಳಿಗೂ ಉಪಕಾರವಾಗುವುದು.

೨. ಹೊಗೆಯೂ ಆಹಾರದ ಒಂದು ಅಂಶ

ಮರವು ಉರಿಯದೆ ಕನಲುವಾಗ ಅದರೊಳಗಿನ ಲಿಗ್ನಿನ್ ಎಂಬ ವಸ್ತುವು ಒಡೆದು ಫಿನಾಲುಗಳೆಂಬ ಪದಾರ್ಥಗಳು ಹುಟ್ಟುತ್ತವೆ. ಹೊಗೆಯ ಸುವಾಸನೆಗೂ, ಸೂಕ್ಷ್ಮಜೀವಿಗಳನ್ನು ತಡೆಯುವ ಗುಣಕ್ಕೂ ಇವೇ ಮುಖ್ಯ ಕಾರಣ. ಮರದ ನಾರಿನ ಅಂಶಗಳಿಂದ ಹುಳಿಯೂ ಬಣ್ಣವೂ ಬರುತ್ತವೆ. ಇವೆಲ್ಲವೂ ಪದಾರ್ಥದ ಮೇಲೆ ಕುಳಿತು ತಿನ್ನುವವನ ಹೊಟ್ಟೆಯನ್ನು ಸೇರುತ್ತವೆ. ಆದುದರಿಂದ ಮರಕ್ಕೆ ಅಂಟಿದ ಬಣ್ಣ, ಔಷಧ, ಬೂಷ್ಟು ಇವುಗಳಿಂದ ಹುಟ್ಟಿದ್ದೂ ಅದೇ ಹಾದಿಯನ್ನು ಹಿಡಿಯುವುದು. ಅಕ್ಕಿಯಲ್ಲಿ ಕಲ್ಲು ಆರಿಸುವ ಗೃಹಸ್ಥನು ಸೌದೆಯನ್ನೂ ಆರಿಸತಕ್ಕದ್ದು.

೩. ಯೋಗ್ಯವಾದ ಮರಗಳು

ಮಾವು, ಸೀಬೆ, ಸಪೋಟ, ನೇರಳೆ, ಹುಣಸೆ, ಕಿತ್ತಳೆ ಮತ್ತು ನಿಂಬೆಯ ಜಾತಿಗಳು ಇವು ಈ ಸೀಮೆಯಲ್ಲಿ ದೊರೆಯುವ ಯೋಗ್ಯ ಮರಗಳು. ಇವುಗಳಲ್ಲಿ ಹುಣಸೆಯ ಕಾವು ಬಲವಾದುದು. ಅದನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಮಾವಿನ ಸೊನೆಯು ಮೈಗೆ ತಾಗಿದರೆ ಕೆಲವರಿಗೆ ಗುಳ್ಳೆಗಳೇಳುವುದುಂಟು; ಅಂಥವರು ಹಸಿಯ ಮಾವನ್ನು ಸೀಳುವ ಕೆಲಸಕ್ಕೂ ಅದರ ಹೊಗೆಯ ಬಳಿಗೂ ಹೋಗಬಾರದು. ಕೊಡಗು, ಚಿಕ್ಕಮಗಳೂರುಗಳಿಂದ ಬರುವ ಕಾಫಿ ಗಿಡದ ಕಟ್ಟಿಗೆಯೂ ಒಳ್ಳೆಯದೇ. ಆದರೆ ಕಾಂಡಕೊರಕ ಹುಳುವಿನ ನಿವಾರಣೆಗಾಗಿ ಕಾಫಿಯ ಕಾಂಡಕ್ಕೆ ಔಷಧ ಬಳಿಯುವ ಪದ್ಧತಿ ಇರುವುದರಿಂದ, ಔಷಧ ಬಳಿಯದ ಗಿಡವೆಂದು ತೋಟದವರಿಂದ ತಿಳಿದುಕೊಂಡ ಮೇಲೆಯೇ ಅದನ್ನು ಕೊಳ್ಳತಕ್ಕದ್ದು. ಸಿಂಪಡಣೆಯಾದ ಮಾವಿನ ತೋಟಗಳಿಗೂ ಈ ಮಾತು ಅನ್ವಯಿಸುತ್ತದೆ.

೪. ವರ್ಜಿಸತಕ್ಕ ಸೌದೆ

(ಅ) ಕಣಗಿಲೆ, ಕಳ್ಳಿ, ಕಾಸರಕ ಇವು ವಿಷದ ಗಿಡಮರಗಳು. ಇವುಗಳ ಒಂದು ಕಡ್ಡಿಯೂ ಅಟ್ಟಿಯಲ್ಲಿ ಸೇರಬಾರದು.

(ಆ) ನೀಲಗಿರಿ ಮರದಲ್ಲಿ ಎಣ್ಣೆಯೂ, ದೇವದಾರು ಜಾತಿಯ ಮರಗಳಲ್ಲಿ ರಾಳವೂ ಇರುವುದರಿಂದ ಪದಾರ್ಥವು ಔಷಧದ ವಾಸನೆಯನ್ನೋ ಮಸಿಯನ್ನೋ ಹಿಡಿಯುವುದು. ಬೇವು ಕಹಿ.

(ಇ) ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸವಿರುವ ಸಂಭವವು ಹೆಚ್ಚು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ ೯೦ ಭಾಗವನ್ನು ಮೀರಬಾರದೆಂಬ ಭಾರತ ಸರ್ಕಾರದ ೨೦೧೬ರ ನಿಯಮವು ೨೦೧೭ರ ನವೆಂಬರಿನಿಂದ ಜಾರಿಗೆ ಬಂದಿತು. ಕೆಡವಲಾಗುತ್ತಿರುವ ಮನೆಗಳು ಅದಕ್ಕೆ ಬಹು ಹಿಂದಿನವು. ಸೀಸವು ಮಕ್ಕಳ ಬುದ್ಧಿಬೆಳವಣಿಗೆಯನ್ನು ಕುಂದಿಸುವುದು. ಬಣ್ಣವನ್ನು ಹೆರೆದು ತೆಗೆದ ಮಾತ್ರಕ್ಕೆ ಅಂಥ ಮರವು ಶುದ್ಧವಾಗದು. ಅದರ ಬೂದಿಯನ್ನು ಗಿಡಗಳಿಗೂ ಹಾಕಬಾರದು.

(ಈ) ಗೆದ್ದಲು ಹತ್ತದಿರಲೆಂದು ತಾಮ್ರ, ಕ್ರೋಮಿಯಂ, ಪಾಷಾಣಗಳ ದ್ರಾವಣವನ್ನು ಮರಕ್ಕೆ ಹೀರಿಸುವ ವಿಧಾನವನ್ನು ೧೯೩೦ರ ದಶಕದಲ್ಲಿ ಕಂಡುಹಿಡಿದವರು ಭಾರತೀಯರಾದ ಸೊಂಟಿ ಕಾಮೇಶಂ ಎಂಬವರು. ಕಂಬಗಳಿಗೆ ಅದು ಉಪಕಾರಿ, ಒಲೆಗೆ ಪ್ರಾಣಾಪಾಯಕಾರಿ. ಹಸುರು ಛಾಯೆಯುಳ್ಳ ಹಳೆಯ ಕಂಬಗಳನ್ನೂ, ಟಾರೆಣ್ಣೆ ಹೀರಿದ ರೈಲ್ವೆ ಸ್ಲೀಪರುಗಳನ್ನೂ ಸುಡಲೇಬಾರದು.

(ಉ) ಪ್ಲೈವುಡ್ಡು ಮುಂತಾದ ಅಂಟುಹಲಗೆಗಳೂ, ಯಾವ ಮರದ್ದೆಂದು ತಿಳಿಯದ ಗರಗಸದ ಹೊಟ್ಟೂ ವರ್ಜ್ಯ. ವಿದೇಶದಿಂದ ಬಂದ ಪೆಟ್ಟಿಗೆಗಳ ಮುದ್ರೆಯಲ್ಲಿ ‘ಎಂ. ಬಿ.’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಅದು ಮೀಥೈಲ್ ಬ್ರೋಮೈಡ್ ಎಂಬ ವಿಷವಾಯುವನ್ನು ಹಾಯಿಸಿದ ಮರವೆಂದು ತಿಳಿಯತಕ್ಕದ್ದು.

(ಊ) ಮಳೆಗಾಳಿಗೆ ಬೀದಿಯಲ್ಲಿ ಉರುಳುವ ಮಳೆಮರ, ಗುಲ್‌ಮೊಹರ್ ಮುಂತಾದವು ನೀರೊಲೆಗಿರಲಿ. ಅವುಗಳಲ್ಲಿ ಮೊಳೆ, ತಂತಿ, ಬಳಿದ ಬಣ್ಣ ಸಾಮಾನ್ಯ.

೫. ಸೌದೆಯ ಶುದ್ಧಿ

ಮರವು ಹಸಿಯಾಗಿರುವಾಗಲೇ ತೊಗಟೆಯನ್ನು ಸುಲಿಯತಕ್ಕದ್ದು. ಒಣಗಿದ ಮೇಲೆ ಅದು ಬಿಡುವುದು ಕಷ್ಟ. ಧೂಳು, ಪಾಚಿ, ಹುಳುವಿನ ಮೊಟ್ಟೆ, ಸಿಂಪಡಿಸಿದ ಔಷಧ ಇವೆಲ್ಲಕ್ಕೂ ತೊಗಟೆಯೇ ಆಶ್ರಯ; ಅದರ ಹೊಗೆಯೂ ಕಟು. ಸುಲಿದ ತರುವಾಯ ಒಂದು ಅಡಿ ಉದ್ದಕ್ಕೆ ಕತ್ತರಿಸಿ, ಎರಡು ಮೂರು ಅಂಗುಲ ದಪ್ಪಕ್ಕೆ ಸೀಳಬೇಕು. ಮೃದುವಾದ, ಕಪ್ಪಾದ, ಅಣಬೆ ಹತ್ತಿದ ಭಾಗಗಳನ್ನು ಕೊಡಲಿಯಿಂದ ತೆಗೆದುಹಾಕತಕ್ಕದ್ದು. ಮಣ್ಣನ್ನು ತಂತಿಯ ಬ್ರಷ್ಷಿನಿಂದಾಗಲಿ ಗಟ್ಟಿಯಾದ ತೆಂಗಿನ ನಾರಿನಿಂದಾಗಲಿ ಒಣದಾಗಿಯೇ ಉಜ್ಜಬೇಕು. ಕೆಸರು ಗಟ್ಟಿಯಾಗಿ ಹತ್ತಿದ್ದರೆ ಬರಿಯ ನೀರಿನಲ್ಲಿ ಬೇಗನೆ ತೊಳೆದು ಅಂದೇ ಬಿಸಿಲಿಗೆ ಹರಡಬಹುದು. ಸಾಬೂನು, ಸೀಮೆಎಣ್ಣೆ, ಕೀಟನಾಶಕ ಇವುಗಳನ್ನು ಸೋಕಿಸಲಾಗದು.

೬. ಒಣಗಿಸುವ ಕಾಲ

ಹಸಿಮರದ ತೂಕದಲ್ಲಿ ಅರ್ಧಕ್ಕೆ ಸಮೀಪವಾದಷ್ಟು ನೀರಿರುವುದುಂಟು. ಹಾಗಿರುವ ೧೦ ಕಿಲೋ ಸೌದೆಯನ್ನು ಒಲೆಗೆ ಹಾಕಿದವನು ಸುಮಾರು ೫ ಕಿಲೋ ನೀರನ್ನು ಕಾಯಿಸಿ ಆವಿಮಾಡಿದಂತೆ. ಕಾವು ಇಳಿದು, ಬಿಳಿಯ ದಟ್ಟಹೊಗೆ ಎದ್ದು, ಟಾರಿನಂಥ ಕಹಿಜಿಡ್ಡು ಪದಾರ್ಥದ ಮೇಲೆ ಕೂರುವುದು. ಒಳ್ಳೆಯ ಹೊಗೆಯು ತೆಳುವಾಗಿ, ತುಸು ನೀಲಿಯಾಗಿ ಕಾಣುವುದು.

ಬೆಂಗಳೂರಿನಲ್ಲಿ ಮಳೆ ಅತಿ ಹೆಚ್ಚಾಗಿ ಬೀಳುವುದು ಹುಬ್ಬೆ, ಉತ್ತರೆಗಳ ಕಾಲವಾದ ಸೆಪ್ಟೆಂಬರಿನಲ್ಲಿ. ಡಿಸೆಂಬರಿನಿಂದ ಮಾರ್ಚಿಯವರೆಗೆ ಹವೆಯು ಒಣದಾಗಿರುತ್ತದೆ. ಆದುದರಿಂದ ಪುಷ್ಯಮಾಸದೊಳಗೆ ಸವರುವ ಕೆಲಸವನ್ನು ಮುಗಿಸಿ ಕೂಡಲೇ ಸೀಳಿದರೆ ಬೇಸಗೆಯ ಲಾಭವೆಲ್ಲವೂ ದೊರೆಯುವುದು. ಸಾಮಾನ್ಯವಾಗಿ ಮಾವಿನ ಸಣ್ಣ ಸೀಳುಗಳಿಗೆ ಆರು ತಿಂಗಳು, ಹುಣಸೆಯಂಥ ಗಟ್ಟಿಮರಕ್ಕೆ ಒಂದು ವರ್ಷ ಬೇಕಾಗುವುದು. ಅಶ್ವಿನಿ, ಭರಣಿ ಮಳೆಗಳು ಬರುವ ಮೊದಲೇ ಅಟ್ಟಿಯ ಮೇಲೆ ಹೊದಿಕೆ ಇರತಕ್ಕದ್ದು.

೭. ಹದವನ್ನು ತಿಳಿಯುವ ಬಗೆ

ತಿಂಗಳ ಎಣಿಕೆಗಿಂತ ತಕ್ಕಡಿಯೇ ನಂಬಿಕೆಗೆ ಅರ್ಹ. ಗುರುತು ಮಾಡಿದ ಒಂದು ಸೀಳನ್ನು ಹದಿನೈದು ದಿನಕ್ಕೊಮ್ಮೆ ತೂಗಿ ಬರೆದಿಡಬೇಕು. ಎರಡು ಸಲ ತೂಕವು ಒಂದೇ ಆಗಿದ್ದರೆ ಮರವು ಆ ಕಾಲದ ಹವೆಗೆ ಒಣಗಿತೆಂದು ಅರ್ಥ. ಹೆಚ್ಚು ಖಚಿತವಾಗಿ ತಿಳಿಯಬೇಕಾದರೆ ಒಂದು ಸೀಳಿನ ನಡುಭಾಗದಿಂದ ೧೦೦ ಗ್ರಾಂ ಚಕ್ಕೆಯನ್ನು ತೆಗೆದು, ಸುಮಾರು ೧೦೫ ಡಿಗ್ರಿ ಸೆಲ್ಸಿಯಸ್ ಕಾವಿನ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೂ ಇಡಬೇಕು. ಉಳಿದದ್ದು ೮೨ ಗ್ರಾಂ ಆದರೆ ತೇವವು ನೂರಕ್ಕೆ ೧೮ ಭಾಗ. ನೂರಕ್ಕೆ ೨೦ಕ್ಕಿಂತ ಕಡಿಮೆಯಿರುವುದು ಯೋಗ್ಯ. ತಕ್ಕಡಿಯಿಲ್ಲದವರು ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಲಿ: ಒಣಗಿದ್ದು ಟಣ್ಣೆನ್ನುವುದು, ಹಸಿಯದು ಮಂಕಾಗಿ ಸದ್ದುಮಾಡುವುದು. ಒಣಗಿದ ಸೌದೆಯ ತುದಿಗಳಲ್ಲಿ ಬಿರುಕುಗಳೂ ಕಾಣುವುವು.

೮. ಸಂಗ್ರಹಣ

ಅಟ್ಟಿಯು ನೆಲಕ್ಕೆ ತಾಗಬಾರದು. ಕಲ್ಲುಚಪ್ಪಡಿಗಳ ಮೇಲೆ ಒಂದು ಅಡಿ ಎತ್ತರದಲ್ಲಿ, ಗೋಡೆಯಿಂದ ಒಂದು ಗೇಣು ಬಿಟ್ಟು, ಸೀಳುಗಳ ನಡುವೆ ಗಾಳಿಯಾಡುವಂತೆ ಜೋಡಿಸತಕ್ಕದ್ದು. ಮೇಲೆ ತಗಡು ಇರಲಿ, ಪಕ್ಕಗಳು ತೆರೆದಿರಲಿ. ಮುಂಗಾರಿನ ಎರಚಲು ಪಡುವಲಿನಿಂದ ಬಡಿಯುವುದರಿಂದ ಆ ಒಂದು ಕಡೆಗೆ ಮಾತ್ರ ತಟ್ಟಿಯ ಮರೆ ಸಾಕು. ಪ್ಲಾಸ್ಟಿಕ್ ಹಾಳೆಯಿಂದ ಸುತ್ತಲೂ ಮುಚ್ಚಿದರೆ ಒಳಗಿನ ತೇವವು ಬೆವೆತು ಬೂಷ್ಟು ಹುಟ್ಟುವುದು. ಬೂಷ್ಟು ಹಿಡಿದ ತುಂಡನ್ನು ಒರಸಿ ಉಪಯೋಗಿಸದೆ ನೀರೊಲೆಗೆ ಹಾಕತಕ್ಕದ್ದು.

ಚಪ್ಪಡಿಗಳ ಮೇಲೆ ಗೆದ್ದಲಿನ ಮಣ್ಣಿನ ಹಾದಿಗಳು ಕಂಡಲ್ಲಿ ಕೂಡಲೇ ಕೆರೆದು ಹಾಕಬೇಕು, ಔಷಧ ಹೊಡೆಯಲಾಗದು. ಅಟ್ಟಿಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆಹುಳು ಹಿಡಿದಿದೆಯೆಂದು ತಿಳಿದು ಆ ತುಂಡುಗಳನ್ನು ಬೇರೆಮಾಡಬೇಕು. ಹಾವು ಚೇಳುಗಳು ಸೇರುವ ಜಾಗವಾದುದರಿಂದ ಮಕ್ಕಳನ್ನು ಸೌದೆ ತರಲು ಕಳುಹಿಸಬಾರದು. ಪ್ರತಿಯೊಂದು ಅಟ್ಟಿಗೂ ಮರದ ಹೆಸರನ್ನೂ ಸೀಳಿದ ತಿಂಗಳನ್ನೂ ಬರೆದ ಹಲಗೆಯಿರಲಿ. ಪಟ್ಟಣದ ಮನೆಯವರು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗೋಣಿಚೀಲದಲ್ಲಿ, ಒಲೆಗೂ ಅನಿಲದ ಸಿಲಿಂಡರಿಗೂ ದೂರವಾಗಿ ಇಟ್ಟುಕೊಂಡರೆ ಸಾಕು.

೯. ಉಪಯೋಗಿಸುವಾಗ ಎಚ್ಚರಿಕೆ

ಚಕ್ಕೆಗಳನ್ನು ನೀರಿನಲ್ಲಿ ನೆನೆಸಿಹಾಕುವ ರೂಢಿಯಿಂದ ಪ್ರಯೋಜನವಿಲ್ಲ. ಒಣಗಿಸಿದ ಶ್ರಮವೇ ವ್ಯರ್ಥ. ಉರಿಯನ್ನು ಏಳಗೊಡಬಾರದು, ಕೊಬ್ಬು ಬೆಂಕಿಗೆ ತೊಟ್ಟಿಕ್ಕಬಾರದು. ಹಾಗಾದಲ್ಲಿ ಬೆಂಜೋಪೈರೀನ್ ಮುಂತಾದ ಅರ್ಬುದಕಾರಕ ವಸ್ತುಗಳು ಹೆಚ್ಚುವುವು. ಹೊಗೆಯೂಡಿದ ಮಾಂಸವೂ ಸೇರಿದಂತೆ ಸಂಸ್ಕರಿಸಿದ ಮಾಂಸವು ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗಸಂಸ್ಥೆಯು ೨೦೧೫ರಲ್ಲಿ ನಿರ್ಣಯಿಸಿರುವುದರಿಂದ, ಇಂಥ ಆಹಾರವು ಅಪರೂಪಕ್ಕೆ, ಮಿತವಾಗಿ ಇರತಕ್ಕದ್ದು. ಹೊಗೆಯೊಂದರಿಂದಲೇ ಮಾಂಸವು ಕೆಡದೆ ಉಳಿಯುವುದೆಂದು ನಂಬಬಾರದು. ಉಪ್ಪು, ಒಣಗಿಸುವಿಕೆ, ಶೀತಪೆಟ್ಟಿಗೆ ಇವುಗಳ ನೆರವೂ, ತಿನ್ನುವ ಮುಂಚೆ ಚೆನ್ನಾಗಿ ಬೇಯಿಸುವುದೂ ಅವಶ್ಯಕ. ಕನಲುವ ಸೌದೆಯನ್ನಾಗಲಿ ಇದ್ದಲನ್ನಾಗಲಿ ಮುಚ್ಚಿದ ಕೋಣೆಯಲ್ಲಿ ಇಟ್ಟರೆ ವಾಸನೆಯಿಲ್ಲದ ವಿಷವಾಯುವಿನಿಂದ ಪ್ರಾಣಹಾನಿಯಾಗುವುದು. ಈ ಕೆಲಸವೆಲ್ಲವೂ ಬಯಲಿನಲ್ಲಿಯೇ ನಡೆಯತಕ್ಕದ್ದು.

೧೦. ಗ್ರಾಮದ ಮುಖ್ಯರ ಕರ್ತವ್ಯ

ಹೊಗೆಗಾಗಿ ಮರವನ್ನೇ ಉರುಳಿಸಬೇಕಾದುದಿಲ್ಲ; ತೋಟವನ್ನು ಸವರಿದಾಗ ಬೀಳುವ ಕೊಂಬೆಗಳೇ ಸಾಕಾಗುವುವು. ಮರವನ್ನು ಕಡಿಯುವ ಸಂದರ್ಭ ಬಂದಲ್ಲಿ ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಯ ಅನುಮತಿ ಬೇಕೇ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಗ್ರಾಮದ ಮುಖ್ಯರು ತಮ್ಮ ಊರಿನಲ್ಲಿ ಯಾವ ತೋಟವನ್ನು ಎಂದು ಸವರಿದರು, ಅದಕ್ಕೆ ಔಷಧ ಹೊಡೆದಿತ್ತೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯಿಸಿಟ್ಟರೆ ಕೊಳ್ಳುವವನಿಗೆ ನಂಬಿಕೆಯೂ ಮಾರುವವನಿಗೆ ನ್ಯಾಯವಾದ ಬೆಲೆಯೂ ದೊರೆಯುವುವು. ಕೆಡವಿದ ಮನೆಯ ಮರವನ್ನು ತೋಟದ ಸೌದೆಯೊಡನೆ ಬೆರಸಿ ಮಾರುವುದನ್ನು ಊರಿನವರೇ ತಡೆಯಬೇಕು. ಒಂದು ಬಣ್ಣದ ತುಂಡು ಒಂದು ಅಟ್ಟಿಯ ಹೆಸರನ್ನು ಕೆಡಿಸುವುದು. ಅದಕ್ಕಿಂತಲೂ ಮಿಗಿಲಾಗಿ, ಆ ಹೊಗೆಯುಂಡ ಆಹಾರವು ಯಾವುದೋ ಮನೆಯ ಮಗುವಿನ ತಟ್ಟೆಯನ್ನು ಸೇರುವುದು. ಹೆಸರು ತಿಳಿದ ಮರ, ಸುಲಿದ ತೊಗಟೆ, ಒಣಗಿದ ಸೀಳು, ಗಾಳಿಯಾಡುವ ಅಟ್ಟಿ: ಈ ನಾಲ್ಕನ್ನು ಪಾಲಿಸುವುದಕ್ಕೆ ಹಣಕ್ಕಿಂತ ಗಮನವೇ ಹೆಚ್ಚು ಬೇಕಾದುದು.