ಅಂಗನವಾಡಿಯಲ್ಲಿ ಬರೀ ಆಟವೇ?



“ಅಂಗನವಾಡಿಯಲ್ಲಿ ಏನು ಕಲಿಸುತ್ತಾರೆ? ಬರೀ ಆಟ, ಊಟ, ನಿದ್ದೆ.” ಹಂಗಳದಂಥ ಊರುಗಳಲ್ಲಿ ಈ ಮಾತು ಹೊಸದಲ್ಲ. ಚೆಂಡುಹೂವಿನ ಹೊಲದಲ್ಲಿ ಕೂಲಿ ಮಾಡಿ ಕೂಡಿಟ್ಟ ಹಣವನ್ನು ಫೀಸು ಕಟ್ಟಿ, ಮೂರೂವರೆ ವರ್ಷದ ಮಗುವನ್ನು ಗುಂಡ್ಲುಪೇಟೆಯ ಎಲ್.ಕೆ.ಜಿ.ಗೆ ವ್ಯಾನು ಹತ್ತಿಸುವ ಮನೆಗಳುಂಟು. ಸಂಜೆ ಮಗು ನೋಟ್‌ಬುಕ್ಕಿನ ತುಂಬ ಅಕ್ಷರ ಬರೆದು ತಂದರೆ ನಮಗೆ ತೃಪ್ತಿ. ಆ ತೃಪ್ತಿ ಸರಿಯೇ ಎಂದು ನೋಡೋಣ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಾಲ್ಕು ವರ್ಷದ ಮಗುವಿನ ಮುಂದೆ ಐದು ಅವರೆಕಾಳುಗಳನ್ನು ಸಾಲಾಗಿ ಇಡಿ. ಅವುಗಳಿಗೆ ಎದುರಾಗಿ ಇನ್ನೈದು ಇಡಿ. ಎರಡೂ ಸಮ ಎಂದು ಮಗು ಒಪ್ಪುತ್ತದೆ. ಈಗ ಅದರ ಕಣ್ಣೆದುರೇ ಒಂದು ಸಾಲಿನ ಕಾಳುಗಳನ್ನು ದೂರದೂರ ಸರಿಸಿ ಮತ್ತೆ ಕೇಳಿ. “ಇದರಲ್ಲಿ ಜಾಸ್ತಿ” ಎಂದು ಉದ್ದದ ಸಾಲನ್ನು ತೋರಿಸುವ ಮಕ್ಕಳೇ ಹೆಚ್ಚು. ಒಂದರಿಂದ ನೂರರವರೆಗೆ ಬಾಯಿಪಾಠ ಹೇಳುವ ಮಗುವೂ ಹೀಗೆ ಹೇಳೀತು! ಇದನ್ನು ತೋರಿಸಿಕೊಟ್ಟವರು ಸ್ವಿಟ್ಜರ್‌ಲೆಂಡಿನ ಜೀನ್ ಪಿಯಾಜೆ (1896–1980). ಕೇಳುವ ರೀತಿ ಬದಲಾದರೆ ಇನ್ನೂ ಚಿಕ್ಕ ಮಕ್ಕಳೂ ಸರಿಯಾಗಿ ಹೇಳುತ್ತಾರೆಂದು ನಂತರದವರು ತಿದ್ದಿದ್ದಾರೆ, ನಿಜ. ಆದರೂ ಮುಖ್ಯ ಮಾತು ಉಳಿಯುತ್ತದೆ: ಈ ವಯಸ್ಸಿನಲ್ಲಿ ಎಣಿಕೆ ತಲೆಗೆ ಹೋಗುವುದು ಕೈಯ ಮೂಲಕ. ಕಾಳು ಆರಿಸುವುದು, ಗುಂಪು ಮಾಡುವುದು, ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಹಂಚುವುದು, ಇವೇ ಅದರ ಗಣಿತ.

ಬರವಣಿಗೆಯೂ ಹಾಗೆಯೇ. ಬೆರಳಿಗೆ ಬಲ ಬರುವ ಮೊದಲು ಪೆನ್ಸಿಲ್ ಹಿಡಿಸಿದರೆ ಕೈ ನೋಯುತ್ತದೆ, ಅಕ್ಷರದ ಮೇಲೆ ಬೇಸರ ಹುಟ್ಟುತ್ತದೆ. ಮಣ್ಣು ಕಲಸಿದ, ಹೂ ಪೋಣಿಸಿದ ಬೆರಳು ಮುಂದೆ ತಾನಾಗಿ ಬರೆಯುತ್ತದೆ.

ಹಾಗಾದರೆ ಮಕ್ಕಳನ್ನು ಆಡಲು ಬಿಟ್ಟು ದೊಡ್ಡವರು ಸುಮ್ಮನಿರಬೇಕೇ? ಖಂಡಿತ ಇಲ್ಲ. ರಷ್ಯಾದ ವೈಗೋಟ್ಸ್ಕಿ (1896–1934) ಹೇಳಿದ್ದು ಇದನ್ನೇ: ಇಂದು ದೊಡ್ಡವರ ನೆರವಿನಿಂದ ಮಾಡಿದ್ದನ್ನು ಮಗು ನಾಳೆ ತಾನೇ ಮಾಡುತ್ತದೆ. ಅಂಗಿಯ ಗುಂಡಿಗಳನ್ನೆಲ್ಲ ನಾವೇ ಹಾಕಿದರೆ ಮಗು ಕಲಿಯುವುದಿಲ್ಲ. “ನೀನೇ ಹಾಕಿಕೋ” ಎಂದು ಬಿಟ್ಟರೆ ಅಳುತ್ತದೆ. ಮೇಲಿನ ಮೂರು ನಾವು ಹಾಕಿ, ಕೆಳಗಿನದನ್ನು ಅರ್ಧ ತೂರಿಸಿ ಬಿಟ್ಟರೆ? ಎಳೆದುಕೊಂಡು ನಗುತ್ತದೆ. ಜಾಣ ಕಾರ್ಯಕರ್ತೆ ದಿನವಿಡೀ ಮಾಡುವುದು ಇಂಥ ಅರ್ಧ ಕೆಲಸವನ್ನೇ. ನೋಡುವವರಿಗೆ ಅದು ಕೆಲಸವೆನಿಸದು.

ಬಂಡೀಪುರದ ಕಾಡಂಚಿನ ಹಾಡಿಗಳ ಸೋಲಿಗ, ಜೇನುಕುರುಬ ಮಕ್ಕಳ ವಿಷಯ ಬೇರೆಯೇ ಇದೆ. ಮನೆಮಾತು ಬೇರೆಯಾದ ಮಗು ಮೊದಲ ಕೆಲವು ವಾರ ಬಾಯಿಯೇ ಬಿಡದಿರಬಹುದು. ಅದನ್ನು ದಡ್ಡ ಎನ್ನಬಾರದು, ಅದು ಕೇಳಿಸಿಕೊಳ್ಳುತ್ತಿದೆ. ಅದರ ಮಾತಿನ ನಾಲ್ಕು ಪದ ಕಲಿತ ಕಾರ್ಯಕರ್ತೆಯ ಹತ್ತಿರ ಅದು ಬೇಗ ಬಂದು ಕೂರುತ್ತದೆ.

ಈಗ ಫಲಕಗಳಲ್ಲಿ ಮೆರೆಯುವ ‘ಮಾಂಟೆಸ್ಸೋರಿ’ ಎಂಬ ಹೆಸರಿನ ಮೂಲವೂ ಸ್ವಾರಸ್ಯದ್ದು. ಡಾ. ಮಾರಿಯಾ ಮಾಂಟೆಸ್ಸೋರಿ 1907ರಲ್ಲಿ ರೋಮಿನ ಸಾನ್ ಲೊರೆಂಜೊ ಬಡಾವಣೆಯಲ್ಲಿ ತಮ್ಮ ಮೊದಲ ಶಿಶುಗೃಹ ತೆರೆದದ್ದು ದುಡಿಯಲು ಹೋಗುತ್ತಿದ್ದ ಬಡವರ ಮಕ್ಕಳಿಗಾಗಿ. ಇಂದು ಆ ಹೆಸರಿಗೆ ಫೀಸು ಹೆಚ್ಚು! ನಮ್ಮ ಅಂಗನವಾಡಿಯೂ ಅದೇ ಜನರಿಗಾಗಿ ಹುಟ್ಟಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದಕ್ಕೆ ಆರಿಸಿದ್ದು ನಮ್ಮ ನೆರೆಯ ತಿರುಮಕೂಡಲು ನರಸೀಪುರವನ್ನು.

ಎಲ್ಲ ಅಂಗನವಾಡಿಗಳೂ ಚೆನ್ನಾಗಿವೆ ಎಂದು ನಾನು ಹೇಳುವುದಿಲ್ಲ. ರಿಜಿಸ್ಟರು ತುಂಬುವುದರಲ್ಲೇ ಕಾರ್ಯಕರ್ತೆಯ ಹೊತ್ತು ಕಳೆಯುವುದುಂಟು. ಆದರೆ ಮುಂದಿನ ಸಲ ಹೋದಾಗ “ಅ ಆ ಬರೆಸಿದಿರಾ?” ಎಂದು ಕೇಳಬೇಡಿ. “ಇವತ್ತು ನಮ್ಮ ಮಗು ಯಾರ ಜೊತೆ ಆಡಿತು, ಯಾವ ಕತೆ ಕೇಳಿತು?” ಎಂದು ಕೇಳಿ. ಅದೇ ಪ್ರಶ್ನೆಯನ್ನು ಎಲ್.ಕೆ.ಜಿ.ಯ ಬಾಗಿಲಲ್ಲೂ ಕೇಳಿ, ಆಮೇಲೆ ಫೀಸು ಕಟ್ಟಿ.